ಕೇಬಲ್ ಜಾಲದಲ್ಲಿ ಮಲ್ಟಿಕಾಸ್ಟ್: ವಿಳಾಸ ಹಂಚುವ ಬಗೆ, ದಾರಿ ಹಿಡಿಯುವ ಬಗೆ

ಮೂಲದಿಂದ ಒಂದೇ ಪ್ರತಿ ಹೊರಟು, ದಾರಿ ಕವಲೊಡೆಯುವ ಜಾಗದಲ್ಲಿ ಮಾತ್ರ ಅದರ ನಕಲಾಗಿ, ಬೇಕೆಂದವರಿಗೆಲ್ಲ ತಲುಪುವ ಕ್ರಮಕ್ಕೆ ಮಲ್ಟಿಕಾಸ್ಟ್ ಎಂದು ಹೆಸರು. ಸೆಕೆಂಡಿಗೆ 4 ಮೆಗಾಬಿಟ್ ಹರಿಯುವ ಒಂದು ಚಾನೆಲ್ಲನ್ನು 500 ಮನೆಗಳಿಗೆ ಬೇರೆ ಬೇರೆಯಾಗಿ, ಅಂದರೆ ಯೂನಿಕಾಸ್ಟ್ ರೀತಿಯಲ್ಲಿ, ಕಳಿಸಿದರೆ ಮೂಲದ ಬಳಿಯ ಫೈಬರ್ 2 ಗಿಗಾಬಿಟ್ ಹೊರಬೇಕಾಗುತ್ತದೆ. ಮಲ್ಟಿಕಾಸ್ಟ್‌ನಲ್ಲಿ ಅದೇ ಫೈಬರ್ ಹೊರುವುದು 4 ಮೆಗಾಬಿಟ್ ಮಾತ್ರ. ನೋಡುವವರು 500 ಇರಲಿ, 50,000 ಇರಲಿ, ಮೂಲದ ಬಳಿಯ ಹೊರೆ ಬದಲಾಗುವುದಿಲ್ಲ. ನೂರಾರು ಚಾನೆಲ್‌ಗಳನ್ನು ಹಗಲಿರುಳೂ ಸಾಗಿಸುವ ಕೇಬಲ್ ಜಾಲಕ್ಕೆ ಇದಕ್ಕಿಂತ ಒಪ್ಪುವ ಉಪಾಯ ಐಪಿ ಲೋಕದಲ್ಲಿ ಇನ್ನೊಂದಿಲ್ಲ.

ಈ ವಿಚಾರವನ್ನು ಬೆಳೆಸಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವ್ ಡೀರಿಂಗ್. ಅವರು ಬರೆದ ಆರ್‌ಎಫ್‌ಸಿ 1112 ಎಂಬ ದಾಖಲೆ 1989ರ ಆಗಸ್ಟ್‌ನಲ್ಲಿ ಹೊರಬಂತು. ಐಪಿ ಮಲ್ಟಿಕಾಸ್ಟ್‌ನ ಬುನಾದಿ ಇಂದಿಗೂ ಅದೇ. ತೆರೆದ ಇಂಟರ್‌ನೆಟ್‌ನಲ್ಲಿ ಈ ವಿಧಾನ ಹೆಚ್ಚು ಹರಡಲಿಲ್ಲ. ಒಬ್ಬನೇ ಒಡೆಯನ ಕೈಯಲ್ಲಿರುವ ಜಾಲಗಳಲ್ಲಿ, ಅದರಲ್ಲೂ ಟಿವಿ ಸಾಗಿಸುವ ಜಾಲಗಳಲ್ಲಿ, ಇದು ಬೇರೂರಿತು. ಭಾರತದಲ್ಲಿ ಕೇಬಲ್ ಟಿವಿ ಕಾಯ್ದೆಯ 2011ರ ತಿದ್ದುಪಡಿಯ ನಂತರ ಕೇಬಲ್ ಟಿವಿ ಹಂತ ಹಂತವಾಗಿ ಡಿಜಿಟಲ್ ಆಯಿತು. ಬೆಂಗಳೂರು, ಮೈಸೂರು ಎರಡನೆಯ ಹಂತದಲ್ಲಿದ್ದವು, ಗಡುವು 2013ರ ಮಾರ್ಚ್ 31. ಆಮೇಲೆ ಚಾನೆಲ್‌ಗಳೆಲ್ಲ ಒಟ್ಟುಗೂಡುವ ಕೇಂದ್ರವಾದ ಮುಖ್ಯ ಹೆಡ್‌ಎಂಡ್‌ನಿಂದ ದೂರದ ಊರಿನ ಕಂಟ್ರೋಲ್ ರೂಮ್‌ಗೆ ಚಾನೆಲ್‌ಗಳನ್ನು ಫೈಬರ್ ಮೂಲಕ ಐಪಿ ಪ್ಯಾಕೆಟ್‌ಗಳಾಗಿ ಕಳಿಸುವುದು ದಿನಬಳಕೆಯ ಕೆಲಸವಾಯಿತು. ಡಿಶ್ ಮತ್ತು ಆಂಪ್ಲಿಫೈಯರ್ ನೋಡಿಕೊಳ್ಳುತ್ತಿದ್ದ ತಂತ್ರಜ್ಞನಿಗೆ ಸ್ವಿಚ್ಚು, ರೂಟರು, ಗುಂಪಿನ ವಿಳಾಸ ಇವೆಲ್ಲ ಅರಿತಿರಬೇಕಾದ ಸಂಗತಿಗಳಾದವು.

ಈ ಕೆಲಸದಲ್ಲಿ ಕಾಡುವ ದೋಷಗಳಲ್ಲಿ ಹೆಚ್ಚಿನವು ಉಪಕರಣದ ದೋಷಗಳಲ್ಲ. ವಿಳಾಸವನ್ನು ಮನಸ್ಸಿಗೆ ಬಂದಂತೆ ಹಂಚಿದ್ದರಿಂದ ಹುಟ್ಟಿದವು, ಇಲ್ಲವೇ ಪ್ಯಾಕೆಟ್ ಬರುವ ದಾರಿಯನ್ನು ರೂಟರ್ ಒಪ್ಪದಿದ್ದರಿಂದ ಹುಟ್ಟಿದವು. ಆದ್ದರಿಂದ ಆಜ್ಞೆಗಳನ್ನು ಟೈಪ್ ಮಾಡುವ ಮೊದಲೇ ಕಾಗದದ ಮೇಲೆ ಮುಗಿಯಬೇಕಾದ ಕೆಲಸ ಸಾಕಷ್ಟಿದೆ.

ಗುಂಪಿನ ವಿಳಾಸ ಎಂದರೇನು

ಸಾಮಾನ್ಯ ಐಪಿ ವಿಳಾಸ ಒಂದು ಸಾಧನದ್ದು. ಮಲ್ಟಿಕಾಸ್ಟ್ ವಿಳಾಸ ಯಾವ ಸಾಧನದ್ದೂ ಅಲ್ಲ, ಒಂದು ಗುಂಪಿನದು. ಚಾನೆಲ್ಲನ್ನು ಡಿಜಿಟಲ್ ಧಾರೆಯಾಗಿಸುವ ಎನ್‌ಕೋಡರ್ ಆ ವಿಳಾಸಕ್ಕೆ ಪ್ಯಾಕೆಟ್ ಕಳಿಸುತ್ತಲೇ ಇರುತ್ತದೆ. ಬೇಕಾದವರು ಗುಂಪಿಗೆ ಸೇರುತ್ತಾರೆ, ಬೇಡವಾದಾಗ ಬಿಡುತ್ತಾರೆ. ಯಾರು ಸೇರಿದ್ದಾರೆ ಎಂಬುದು ಎನ್‌ಕೋಡರ್‌ಗೆ ತಿಳಿಯುವುದಿಲ್ಲ, ತಿಳಿಯುವ ಅಗತ್ಯವೂ ಇಲ್ಲ. ಈ ವಿಳಾಸ ಪ್ಯಾಕೆಟ್ಟಿನಲ್ಲಿ ತಲುಪಬೇಕಾದ ಜಾಗದ ವಿಳಾಸವಾಗಿ ಮಾತ್ರ ಬರಬೇಕು. ಹೊರಟ ಜಾಗದ ವಿಳಾಸ ಯಾವಾಗಲೂ ಒಂದು ಸಾಧನದ ಸ್ವಂತ ವಿಳಾಸವೇ.

ಐಪಿ ನಾಲ್ಕನೆಯ ಆವೃತ್ತಿಯಲ್ಲಿ 224.0.0.0ಯಿಂದ 239.255.255.255ರವರೆಗಿನ ಹರವು ಪೂರ್ತಿ ಮಲ್ಟಿಕಾಸ್ಟ್‌ಗೆ ಮೀಸಲು. ಮೊದಲ ನಾಲ್ಕು ಬಿಟ್‌ಗಳು 1110 ಆಗಿರುವುದೇ ಗುರುತು. ಉಳಿದ 28 ಬಿಟ್‌ಗಳಲ್ಲಿ 26 ಕೋಟಿ 84 ಲಕ್ಷಕ್ಕೂ ಹೆಚ್ಚು ಗುಂಪುಗಳು ಹಿಡಿಸುತ್ತವೆ. ಸಂಖ್ಯೆ ದೊಡ್ಡದೆಂದು ಎಲ್ಲಿಂದ ಬೇಕಾದರೂ ಎತ್ತಿಕೊಳ್ಳುವಂತಿಲ್ಲ. ಈ ಹರವನ್ನು ಅಯಾನಾ ಎಂಬ ವಿಳಾಸ ಹಂಚುವ ಸಂಸ್ಥೆ ಓಣಿ ಓಣಿಯಾಗಿ ಭಾಗ ಮಾಡಿಟ್ಟಿದೆ. ಅದರ ನಿಯಮಗಳು 2010ರ ಆರ್‌ಎಫ್‌ಸಿ 5771ರಲ್ಲಿವೆ.

224.0.0.0ಯಿಂದ 224.0.0.255ರವರೆಗಿನ ತುಣುಕು ಒಂದೇ ಕೊಂಡಿಯ ಒಳಗಿನ ಮಾತುಕತೆಗೆ ಮೀಸಲು. ಪ್ಯಾಕೆಟ್ಟಿನ ಟಿಟಿಎಲ್, ಅಂದರೆ ಅದು ಎಷ್ಟು ರೂಟರ್ ದಾಟಬಹುದೆಂಬ ಎಣಿಕೆ, ಎಷ್ಟೇ ಇರಲಿ, ರೂಟರ್ ಇದನ್ನು ಆಚೆ ದಾಟಿಸುವುದಿಲ್ಲ. 224.0.0.1 ಎಂದರೆ ಆ ಕೊಂಡಿಯ ಎಲ್ಲ ಸಾಧನಗಳು, 224.0.0.2 ಎಂದರೆ ಎಲ್ಲ ರೂಟರುಗಳು. ರೂಟರುಗಳು ದಾರಿಯ ಸುದ್ದಿ ಹಂಚಿಕೊಳ್ಳುವ ಓಎಸ್‌ಪಿಎಫ್ 224.0.0.5 ಮತ್ತು 224.0.0.6ನ್ನು ಬಳಸುತ್ತದೆ, ಮುಂದೆ ವಿವರಿಸಲಿರುವ ಪಿಮ್ 224.0.0.13ನ್ನು, ಒಂದು ರೂಟರ್ ಕೆಟ್ಟರೆ ಇನ್ನೊಂದನ್ನು ಅದರ ಜಾಗಕ್ಕೆ ತರುವ ವಿಆರ್‌ಆರ್‌ಪಿ 224.0.0.18ನ್ನು. ಚಾನೆಲ್ಲಿಗೆ ಈ ತುಣುಕಿನ ವಿಳಾಸ ಕೊಡುವುದು ಮುಖ್ಯರಸ್ತೆಯ ನಡುವೆ ಮನೆ ಕಟ್ಟಿದಂತೆ. ಇದರ ಪಕ್ಕದ 224.0.1.0 ಸರಣಿಯಲ್ಲಿ ಜಾಲಗಳ ನಡುವೆ ದಾಟಬಲ್ಲ ನಿಯಂತ್ರಣ ಸೇವೆಗಳಿವೆ: ಗಡಿಯಾರ ಹೊಂದಿಸುವ ಎನ್‌ಟಿಪಿ 224.0.1.1ರಲ್ಲಿ, ಇನ್ನೂ ನಿಖರವಾದ ಪಿಟಿಪಿ 224.0.1.129ರಲ್ಲಿ.

232ರಿಂದ ಶುರುವಾಗುವ ಇಡೀ ಸರಣಿ ಮೂಲ-ನಿರ್ದಿಷ್ಟ ಮಲ್ಟಿಕಾಸ್ಟ್‌ಗೆ ಸೇರಿದ್ದು. ಇಂಜಿನಿಯರುಗಳ ಮಾತಿನಲ್ಲಿ ಇದು ಎಸ್‌ಎಸ್‌ಎಂ. ಇದರಲ್ಲಿ ಸೇರುವವನು ‘ಈ ಗುಂಪು ಬೇಕು’ ಎಂದಷ್ಟೇ ಹೇಳುವುದಿಲ್ಲ. ‘ಈ ಮೂಲದಿಂದ ಬರುವ ಈ ಗುಂಪು ಬೇಕು’ ಎನ್ನುತ್ತಾನೆ. 2006ರ ಆರ್‌ಎಫ್‌ಸಿ 4607ರಲ್ಲಿ ಇದರ ನಿಯಮವಿದೆ. ಸರಣಿಯ ಮೊದಲ 256 ವಿಳಾಸಗಳು ಅಯಾನಾದ ಕೈಯಲ್ಲಿವೆ, ಅವನ್ನು ಮುಟ್ಟಬಾರದು.

233ರ ಸರಣಿಗೆ ಗ್ಲಾಪ್ ಎಂದು ಹೆಸರು. ಇಂಟರ್‌ನೆಟ್‌ನಲ್ಲಿ ಒಂದು ಜಾಲವನ್ನು ಗುರುತಿಸುವ ಎಎಸ್ ಸಂಖ್ಯೆಯನ್ನು ಸ್ವಂತವಾಗಿ ಹೊಂದಿರುವ ಸಂಸ್ಥೆಗೆ ಇಲ್ಲಿ ಯಾರನ್ನೂ ಕೇಳದೆ 256 ವಿಳಾಸ ಸಿಗುತ್ತದೆ. 16 ಬಿಟ್ಟಿನ ಎಎಸ್ ಸಂಖ್ಯೆಯೇ ನಡುವಿನ ಎರಡು ಅಂಕಿಗಳಾಗಿ ಕೂರುತ್ತದೆ. ಉದಾಹರಣೆಗಳಿಗೆಂದೇ ತೆಗೆದಿಟ್ಟ 64500 ಎಂಬ ಎಎಸ್ ಸಂಖ್ಯೆಯನ್ನು 256ರಿಂದ ಭಾಗಿಸಿದರೆ 251 ಬಂದು 244 ಉಳಿಯುತ್ತದೆ. ಹಾಗಾಗಿ ಅದರ ಪಾಲು 233.251.244.0ಯಿಂದ 233.251.244.255ರವರೆಗೆ. ಸಾರ್ವಜನಿಕ ಇಂಟರ್‌ನೆಟ್‌ನಲ್ಲಿ ಮಲ್ಟಿಕಾಸ್ಟ್ ಕೈಗೂಡದ್ದರಿಂದ ಇದರ ಬಳಕೆ ಈಗ ಕಡಿಮೆ.

ಕೇಬಲ್ ಜಾಲಕ್ಕೆ ನಿಜವಾಗಿ ಬೇಕಾದ ಓಣಿ 239ರದು. ಇದು ಜಾಲದ ಒಡೆಯನ ಸ್ವಂತ ಆಡಳಿತಕ್ಕೆ ಬಿಟ್ಟ ಹರವು, ಮನೆಯೊಳಗಿನ 192.168 ಅಥವಾ 10ರ ವಿಳಾಸಗಳಂತೆ ಎಂದುಕೊಳ್ಳಬಹುದು. 1998ರ ಆರ್‌ಎಫ್‌ಸಿ 2365 ಇದರೊಳಗೇ ಎರಡು ಪಾಲುಗಳನ್ನು ಗುರುತಿಸಿದೆ: ಒಂದೇ ತಾಣದ ಬಳಕೆಗೆ 239.255ರ ಸರಣಿ, ಇಡೀ ಸಂಸ್ಥೆಯ ಬಳಕೆಗೆ 239.192ರಿಂದ 239.195ರವರೆಗಿನ ಸರಣಿ. ಮುಖ್ಯ ಹೆಡ್‌ಎಂಡ್‌ನಿಂದ ಹಲವು ಊರುಗಳಿಗೆ ಚಾನೆಲ್ ಸಾಗಿಸುವ ಸಂಸ್ಥೆಗೆ ಈ ಎರಡನೆಯ ಪಾಲೇ ಹೇಳಿ ಮಾಡಿಸಿದ್ದು. ಅದರಲ್ಲಿ 2,62,144 ವಿಳಾಸಗಳಿವೆ.

ಮ್ಯಾಕ್ ವಿಳಾಸದಲ್ಲಿ ಕಳೆದುಹೋಗುವ ಐದು ಬಿಟ್

ಐಪಿ ವಿಳಾಸ ಬೇರೆ ಬೇರೆ ಇದ್ದರೂ ಸ್ವಿಚ್ಚಿನ ಕಣ್ಣಿಗೆ ಎರಡು ಚಾನೆಲ್ ಒಂದೇ ಆಗಿ ಕಾಣಬಹುದು. ಇದನ್ನು ಬಿಡಿಸಿ ನೋಡುವುದು ಅಗತ್ಯ, ಏಕೆಂದರೆ ವಿಳಾಸ ಪಟ್ಟಿಯ ಅತಿ ದುಬಾರಿ ತಪ್ಪು ಹುಟ್ಟುವುದು ಇಲ್ಲೇ.

ಈಥರ್ನೆಟ್ ಮೇಲೆ ಸಾಗುವಾಗ ಪ್ರತಿ ಮಲ್ಟಿಕಾಸ್ಟ್ ಐಪಿ ವಿಳಾಸಕ್ಕೂ ಸ್ವಿಚ್ಚು ನೋಡುವ ಒಂದು ಮ್ಯಾಕ್ ವಿಳಾಸ ಲೆಕ್ಕದಿಂದಲೇ ಹುಟ್ಟುತ್ತದೆ. ಅದರ ಮೊದಲ ಭಾಗ ಎಂದೆಂದಿಗೂ 01-00-5ಇ. ಉಳಿದ ಭಾಗಕ್ಕೆ ಐಪಿ ವಿಳಾಸದ ಕೊನೆಯ 23 ಬಿಟ್ ಇಳಿಯುತ್ತದೆ. ಆದರೆ ಗುಂಪನ್ನು ಗುರುತಿಸುವ ಬಿಟ್‌ಗಳು 28. ಐದು ಬಿಟ್ ಬಿದ್ದುಹೋಯಿತು. ಐದು ಬಿಟ್ಟಿಗೆ 32 ಸಾಧ್ಯತೆ. ಹೀಗಾಗಿ ಒಂದೊಂದು ಮ್ಯಾಕ್ ವಿಳಾಸವನ್ನು 32 ಐಪಿ ಗುಂಪುಗಳು ಹಂಚಿಕೊಳ್ಳುತ್ತವೆ.

239.192.16.21 ಎಂಬ ವಿಳಾಸವನ್ನೇ ತೆಗೆದುಕೊಳ್ಳಿ. ಮೊದಲ ಅಂಕಿ 239 ಲೆಕ್ಕಕ್ಕೇ ಬರುವುದಿಲ್ಲ. 192ನ್ನು ಬಿಟ್‌ಗಳಲ್ಲಿ ಬರೆದರೆ 11000000. ಅದರ ಎಡತುದಿಯ 1 ಬಿದ್ದುಹೋಗಿ 64 ಉಳಿಯುತ್ತದೆ, ಹದಿನಾರರ ಎಣಿಕೆಯಲ್ಲಿ 40. ಮುಂದಿನ 16 ಅಲ್ಲಿ 10 ಆಗುತ್ತದೆ, 21 ಅಲ್ಲಿ 15 ಆಗುತ್ತದೆ. ಪೂರ್ತಿ ವಿಳಾಸ 01-00-5ಇ-40-10-15. ಈಗ 239.64.16.21ಕ್ಕೆ ಇದೇ ಲೆಕ್ಕ ಮಾಡಿದರೆ ಬರುವುದೂ ಇದೇ ಮ್ಯಾಕ್. 232.64.16.21ಕ್ಕೂ ಇದೇ. ಮ್ಯಾಕ್ ನೋಡಿಯೇ ಹಂಚುವ ಸ್ವಿಚ್ಚಿನಲ್ಲಿ ಒಂದು ಚಾನೆಲ್ ಕೇಳಿದ ಪೋರ್ಟಿಗೆ ಇನ್ನೊಂದು ಚಾನೆಲ್ಲೂ ಸುರಿಯುತ್ತದೆ. ತೆಗೆದುಕೊಳ್ಳುವ ಸಾಧನ ಐಪಿ ವಿಳಾಸ ನೋಡಿ ಬೇಡದ್ದನ್ನು ಎಸೆಯುವುದರಿಂದ ಚಿತ್ರ ಕೆಡದೆಯೂ ಇರಬಹುದು, ಆದರೆ ಪೋರ್ಟಿನ ಹೊರೆ ಮಾತ್ರ ಎರಡು ಪಟ್ಟು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. 239.0.0.1 ಎಂದು ಕೊಟ್ಟರೆ ಹುಟ್ಟುವ ಮ್ಯಾಕ್ 01-00-5ಇ-00-00-01, ಅಂದರೆ 224.0.0.1ರದೇ ಮ್ಯಾಕ್. 239.128.0.1 ಕೊಟ್ಟರೂ ಅದೇ. 224.0.0ರ ಸರಣಿಯನ್ನು ಸ್ವಿಚ್ಚುಗಳು ತಡೆಯದೆ ಎಲ್ಲ ಪೋರ್ಟಿಗೂ ಬಿಡಬೇಕೆಂಬುದು ಶಿಷ್ಟ ನಡವಳಿಕೆ, ಇಲ್ಲವಾದರೆ ಓಎಸ್‌ಪಿಎಫ್‌ನಂಥ ಸೇವೆಗಳೇ ನಿಂತುಹೋಗುತ್ತವೆ. ಅದೇ ಮ್ಯಾಕ್ ಹೊತ್ತ ಚಾನೆಲ್ಲೂ ಆ ಸಾಲಿನಲ್ಲಿ ಸೇರಿ ಎಲ್ಲ ಪೋರ್ಟಿಗೂ ಹರಿಯುತ್ತದೆ. ‘239ರಿಂದ ಶುರು ಮಾಡೋಣ, ಮೊದಲ ಚಾನೆಲ್ಲಿಗೆ 239.0.0.1’ ಎಂದು ಸಹಜವಾಗಿ ಹೊರಟವರು ನೇರವಾಗಿ ಈ ಗುಂಡಿಗೇ ಬೀಳುತ್ತಾರೆ. ಎರಡನೆಯ ಅಂಕಿ 0 ಅಥವಾ 128 ಆಗಿದ್ದು ಮೂರನೆಯದು 0 ಆಗಿರುವ ಯಾವ ವಿಳಾಸವನ್ನೂ ಚಾನೆಲ್ಲಿಗೆ ಕೊಡಬಾರದು.

ಪರಿಹಾರ ಸರಳ. ಇಡೀ ಜಾಲ 239.192ರಿಂದ 239.195ರ ಒಳಗೇ ಉಳಿದರೆ ಮ್ಯಾಕ್ ಡಿಕ್ಕಿಯ ಮಾತೇ ಇಲ್ಲ. ಆ ಪಾಲಿನ ವಿಳಾಸಗಳು ಕೊನೆಯ 18 ಬಿಟ್‌ಗಳಲ್ಲಿ ಮಾತ್ರ ಬೇರೆಯಾಗುತ್ತವೆ, ಆ 18 ಬಿಟ್ಟೂ ಮ್ಯಾಕ್‌ಗೆ ಇಳಿಯುತ್ತವೆ.

ಪಟ್ಟಿ ಬರೆಯುವ ಕ್ರಮ

ವಿಳಾಸ ನೋಡಿದೊಡನೆ ಚಾನೆಲ್ಲಿನ ಜಾತಕ ತಿಳಿಯುವಂತಿರಬೇಕು. ಎರಡನೆಯ ಅಂಕಿಯಿಂದ ದಾರಿ ಗುರುತಿಸಬಹುದು: 192 ಮುಖ್ಯ ಎನ್‌ಕೋಡರ್, 193 ಬದಲಿ ಎನ್‌ಕೋಡರ್, 194 ಊರಿನ ಸ್ಥಳೀಯ ಚಾನೆಲ್‌ಗಳು, 195 ಪರೀಕ್ಷೆ. ಮೂರನೆಯ ಅಂಕಿ ಬಗೆಯನ್ನು ಹೇಳಲಿ. ಕನ್ನಡ ಎಸ್‌ಡಿ ಚಾನೆಲ್‌ಗಳಿಗೆ 16, ಕನ್ನಡ ಎಚ್‌ಡಿಗೆ 17, ಸುದ್ದಿಗೆ 20, ಹೀಗೆ. ನಾಲ್ಕನೆಯದು ಚಾನೆಲ್ಲಿನ ಕ್ರಮಸಂಖ್ಯೆ. ಆಗ 239.192.16.21 ಕೆಟ್ಟರೆ ಅದರ ಬದಲಿ 239.193.16.21 ಎಂದು ನಡುರಾತ್ರಿಯಲ್ಲೂ ಹುಡುಕದೆ ಹೇಳಬಹುದು. ಹೊಸ ಚಾನೆಲ್ ಬರುವುದು ಖಚಿತವಾದ್ದರಿಂದ ಪ್ರತಿ ಬಗೆಯಲ್ಲೂ ಜಾಗ ಬಿಟ್ಟಿರಬೇಕು.

ಒಂದು ಚಾನೆಲ್ಲಿಗೆ ಒಂದು ಗುಂಪು ಎಂಬ ನಿಯಮವನ್ನು ಮುರಿಯಬಾರದು. ಒಂದೇ ಗುಂಪಿನ ವಿಳಾಸ ಇಟ್ಟು ಯುಡಿಪಿ ಪೋರ್ಟ್ ಸಂಖ್ಯೆಯನ್ನು ಮಾತ್ರ ಬದಲಿಸುವ ಅಭ್ಯಾಸ ಕೆಲವೆಡೆ ಇದೆ. ಸ್ವಿಚ್ಚಾಗಲಿ ರೂಟರಾಗಲಿ ಹಂಚುವಾಗ ಪೋರ್ಟ್ ಸಂಖ್ಯೆ ನೋಡುವುದಿಲ್ಲ. ಒಂದನ್ನು ಕೇಳಿದವನಿಗೆ ಎಲ್ಲವೂ ಹೋಗುತ್ತವೆ.

ಪಟ್ಟಿಯಲ್ಲಿ ಗುಂಪಿನ ವಿಳಾಸದ ಪಕ್ಕದಲ್ಲೇ ಎನ್‌ಕೋಡರ್‌ನ ಸ್ವಂತ ಐಪಿ ವಿಳಾಸ, ಯುಡಿಪಿ ಪೋರ್ಟ್, ಬಿಟ್‌ರೇಟ್, ವಿಎಲ್‌ಎಎನ್ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲ), ಟಿಟಿಎಲ್ ಇರಬೇಕು. ಟಿಟಿಎಲ್ ಅನ್ನು ಬಹಳ ಮಂದಿ ಮರೆಯುತ್ತಾರೆ. ಆರ್‌ಎಫ್‌ಸಿ 1112ರ ಪ್ರಕಾರ ಬೇರೆ ಹೇಳದಿದ್ದರೆ ಮಲ್ಟಿಕಾಸ್ಟ್ ಪ್ಯಾಕೆಟ್ಟಿನ ಟಿಟಿಎಲ್ 1. ಅಂಥ ಪ್ಯಾಕೆಟ್ ಮೊದಲ ರೂಟರ್‌ನಲ್ಲೇ ಸಾಯುತ್ತದೆ. ಹೆಡ್‌ಎಂಡ್‌ನೊಳಗೆ ಮಾನಿಟರ್‌ನಲ್ಲಿ ಚಿತ್ರ ಚೆನ್ನಾಗಿ ಬರುತ್ತಿದ್ದು ಊರಿನ ಕಡೆ ಏನೂ ಬರದಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಎನ್‌ಕೋಡರ್‌ನಲ್ಲಿ ಅದನ್ನು 16 ಅಥವಾ 32ಕ್ಕೆ ಏರಿಸಿದರೆ ಸಾಮಾನ್ಯ ಜಾಲಗಳಿಗೆ ಸಾಕು.

ಸೇರುವ ಮಾತು, ಕದ್ದು ಕೇಳುವ ಸ್ವಿಚ್ಚು

ಗುಂಪಿಗೆ ಸೇರಲು ಸಾಧನಗಳು ಬಳಸುವ ಭಾಷೆ ಐಜಿಎಂಪಿ. ಮೊದಲ ಆವೃತ್ತಿಯಲ್ಲಿ ಸೇರುವುದಷ್ಟೇ ಇತ್ತು, ಬಿಡುತ್ತೇನೆಂದು ಹೇಳುವ ದಾರಿಯಿರಲಿಲ್ಲ. 1997ರ ಎರಡನೆಯ ಆವೃತ್ತಿ ಬಿಡುವ ಸಂದೇಶವನ್ನು ತಂದಿತು. 2002ರ ಮೂರನೆಯದು ಯಾವ ಮೂಲದಿಂದ ಬೇಕೆಂದು ಹೇಳುವ ಶಕ್ತಿ ಕೊಟ್ಟಿತು. 232ರ ಸರಣಿ ಬಳಸಲು ಮೂರನೆಯ ಆವೃತ್ತಿ ಬೇಕೇ ಬೇಕು. ಹಳೆಯ ಸೆಟ್‌ಟಾಪ್ ಬಾಕ್ಸ್‌ಗಳು ಎರಡನೆಯದನ್ನಷ್ಟೇ ಬಲ್ಲವಾದರೆ, ಗುಂಪಿಗೂ ಮೂಲಕ್ಕೂ ಗಂಟು ಹಾಕುವ ಪಟ್ಟಿಯನ್ನು ರೂಟರ್‌ನಲ್ಲೇ ಇಡಬಹುದು.

ಸ್ವಿಚ್ಚು ಈ ಮಾತುಕತೆಯಲ್ಲಿ ಪಾಲುದಾರನಲ್ಲ. ಅದು ನಡುವೆ ಕಿವಿಗೊಟ್ಟು ಕೇಳಿ, ಯಾವ ಪೋರ್ಟಿನಿಂದ ಯಾವ ಗುಂಪಿಗೆ ಕೋರಿಕೆ ಬಂತೆಂದು ಬರೆದಿಟ್ಟುಕೊಂಡು, ಅಲ್ಲಿಗೆ ಮಾತ್ರ ಬಿಡುತ್ತದೆ. ಇದಕ್ಕೆ ಐಜಿಎಂಪಿ ಸ್ನೂಪಿಂಗ್ ಎನ್ನುತ್ತಾರೆ. ಸ್ನೂಪಿಂಗ್ ಇಲ್ಲದ ಸ್ವಿಚ್ಚು ಮಲ್ಟಿಕಾಸ್ಟನ್ನು ಬ್ರಾಡ್‌ಕಾಸ್ಟ್‌ನಂತೆ ಎಲ್ಲ ಪೋರ್ಟಿಗೂ ಎರಚುತ್ತದೆ. ತಲಾ 3.5 ಮೆಗಾಬಿಟ್ಟಿನ 250 ಚಾನೆಲ್ ಎಂದರೆ 875 ಮೆಗಾಬಿಟ್. ಅದೇ ವಿಎಲ್‌ಎಎನ್‌ನಲ್ಲಿ 100 ಮೆಗಾಬಿಟ್ಟಿನ ಪೋರ್ಟಿಗೆ ಸಿಕ್ಕಿಸಿದ ಯುಪಿಎಸ್ ಮಾನಿಟರೋ ಬಿಲ್ಲಿಂಗ್ ಕಂಪ್ಯೂಟರೋ ಆ ಕ್ಷಣವೇ ಉಸಿರುಗಟ್ಟುತ್ತದೆ. ನಿರ್ವಹಣೆಯ ಸಾಧನಗಳಿಗೆ ಬೇರೆ ವಿಎಲ್‌ಎಎನ್ ಕೊಡುವುದು ಕಡ್ಡಾಯ ಎಂದೇ ತಿಳಿಯಬೇಕು.

ಸ್ನೂಪಿಂಗ್ ಹಾಕಿದರೂ ಒಂದು ದೋಷ ಮತ್ತೆ ಮತ್ತೆ ತಲೆಹಾಕುತ್ತದೆ. ಚಾನೆಲ್ ಹಾಕಿದೊಡನೆ ಚಿತ್ರ ಬರುತ್ತದೆ. ನಾಲ್ಕು ನಿಮಿಷ ಕಳೆದು ಕೆಲವು ಸೆಕೆಂಡು ಆಗುವಷ್ಟರಲ್ಲಿ ನಿಂತುಹೋಗುತ್ತದೆ. ಚಾನೆಲ್ ಬದಲಿಸಿ ವಾಪಸು ಬಂದರೆ ಮತ್ತೆ ಸರಿ, ಮತ್ತೆ ನಾಲ್ಕು ನಿಮಿಷಕ್ಕೆ ಮಂಗಮಾಯ. ಎನ್‌ಕೋಡರ್ ಬದಲಿಸಿ, ಕೇಬಲ್ ಬದಲಿಸಿ ದಿನಗಟ್ಟಲೆ ಹೆಣಗುವುದುಂಟು. ಕಾರಣ ಮಾತ್ರ ಐಜಿಎಂಪಿಯ ಗಡಿಯಾರದಲ್ಲಿದೆ. ‘ಯಾರಿಗೆ ಯಾವ ಗುಂಪು ಬೇಕು?’ ಎಂದು 125 ಸೆಕೆಂಡಿಗೊಮ್ಮೆ ಒಬ್ಬರು ಕೇಳುತ್ತಿರಬೇಕು. ಉತ್ತರಕ್ಕೆ 10 ಸೆಕೆಂಡು ಅವಕಾಶ. ಎರಡು ಸುತ್ತು ಉತ್ತರ ಬರದಿದ್ದರೆ, ಅಂದರೆ 125ರ ಎರಡರಷ್ಟಕ್ಕೆ 10 ಸೇರಿಸಿ 260 ಸೆಕೆಂಡು ಕಳೆದರೆ, ಹೆಸರು ಪಟ್ಟಿಯಿಂದ ಹೋಗುತ್ತದೆ. ಕೇಳುವ ಕೆಲಸ ರೂಟರ್‌ನದು. ರೂಟರ್ ಇಲ್ಲದ, ಇದ್ದರೂ ಮಲ್ಟಿಕಾಸ್ಟ್ ಚಾಲೂ ಆಗಿರದ ವಿಎಲ್‌ಎಎನ್‌ನಲ್ಲಿ ಕೇಳುವವರೇ ಇಲ್ಲ, ಹಾಗಾಗಿ ಉತ್ತರಿಸುವವರೂ ಇಲ್ಲ. ಸ್ವಿಚ್ಚಿನಲ್ಲೇ ‘ಕ್ವೆರಿಯರ್’ ಎಂಬ ಆಯ್ಕೆಯನ್ನು ಚಾಲೂ ಮಾಡಿದರೆ ರೋಗ ವಾಸಿ. ಒಂದಕ್ಕಿಂತ ಹೆಚ್ಚು ಸಾಧನಗಳಲ್ಲಿ ಅದು ಚಾಲೂ ಇದ್ದರೂ ತೊಂದರೆಯಿಲ್ಲ. ಅತಿ ಚಿಕ್ಕ ಐಪಿ ವಿಳಾಸವಿರುವುದು ಕೇಳುವ ಹೊಣೆ ಹೊರುತ್ತದೆ, ಉಳಿದವು ಸುಮ್ಮನಿರುತ್ತವೆ.

ಬಿಡುವ ಸಂದೇಶ ಬಂದಾಗ ರೂಟರ್ ತಕ್ಷಣ ನಿಲ್ಲಿಸದೆ, ಇನ್ನಾರಿಗಾದರೂ ಬೇಕೇ ಎಂದು ಸೆಕೆಂಡಿನ ಅಂತರದಲ್ಲಿ ಎರಡು ಸಲ ಕೇಳುತ್ತದೆ. ರಿಮೋಟ್ ಒತ್ತುತ್ತ ಚಾನೆಲ್ ಹಾರಿಸುವ ಮನೆಯಲ್ಲಿ ಈ ಎರಡು ಸೆಕೆಂಡು ಹಳೆಯದೂ ಹೊಸದೂ ಒಟ್ಟಿಗೆ ಹರಿದು ಹೊರೆ ಏರುತ್ತದೆ. ತಕ್ಷಣ ನಿಲ್ಲಿಸುವ ಆಯ್ಕೆಯೂ ಇದೆ, ಆದರೆ ಒಂದು ಪೋರ್ಟಿಗೆ ಒಂದೇ ಬಾಕ್ಸ್ ಇದ್ದಾಗ ಮಾತ್ರ ಅದನ್ನು ಬಳಸಬೇಕು. ಇಲ್ಲದಿದ್ದರೆ ಒಬ್ಬರು ಚಾನೆಲ್ ಬದಲಿಸಿದಾಗ ಪಕ್ಕದ ಕೋಣೆಯವರ ಚಿತ್ರವೂ ಹೋಗುತ್ತದೆ.

ಎಲ್ಲಿಗೆ ಎಂದಲ್ಲ, ಎಲ್ಲಿಂದ ಎಂದು ಕೇಳುವ ರೂಟರ್

ಸಾಮಾನ್ಯ ರೂಟಿಂಗ್‌ನಲ್ಲಿ ರೂಟರ್ ಪ್ಯಾಕೆಟ್ ಹೋಗಬೇಕಾದ ವಿಳಾಸ ನೋಡಿ ದಾರಿ ತೋರಿಸುತ್ತದೆ. ಗುಂಪಿನ ವಿಳಾಸಕ್ಕೆ ಊರಿಲ್ಲ, ಕೇರಿಯಿಲ್ಲ. ಆದ್ದರಿಂದ ಮಲ್ಟಿಕಾಸ್ಟ್ ರೂಟರ್ ಹೊರಟ ವಿಳಾಸವನ್ನು ನೋಡುತ್ತದೆ: ‘ಈ ಮೂಲಕ್ಕೆ ನಾನೇ ಪ್ಯಾಕೆಟ್ ಕಳಿಸುವುದಾದರೆ ಯಾವ ಬಾಗಿಲಿನಿಂದ ಕಳಿಸುತ್ತಿದ್ದೆ?’ ಪ್ಯಾಕೆಟ್ ಬಂದದ್ದೂ ಅದೇ ಬಾಗಿಲಿನಿಂದಾದರೆ ಒಳಗೆ ಬಿಡುತ್ತದೆ, ಬೇರೆ ಬಾಗಿಲಿನಿಂದಾದರೆ ಎಸೆಯುತ್ತದೆ. ಇದಕ್ಕೆ ಆರ್‌ಪಿಎಫ್ ತಪಾಸಣೆ ಎನ್ನುತ್ತಾರೆ. ಇದಿಲ್ಲದಿದ್ದರೆ ಜಾಲದಲ್ಲಿ ಸುತ್ತುದಾರಿ ಉಂಟಾದಾಗ ನಕಲಿನ ಮೇಲೆ ನಕಲು ಹುಟ್ಟಿ ಎಲ್ಲ ಕೊಂಡಿಗಳೂ ತುಂಬಿಹೋಗುತ್ತವೆ.

ಹೆಡ್‌ಎಂಡ್‌ಗೂ ಊರಿಗೂ ಎರಡು ಫೈಬರ್ ದಾರಿಗಳಿದ್ದಾಗ ಈ ತಪಾಸಣೆ ಕಾಡುತ್ತದೆ. ವಿಡಿಯೋ ಒಂದು ದಾರಿಯಲ್ಲಿ ಬರಲಿ, ಇಂಟರ್‌ನೆಟ್ ಇನ್ನೊಂದರಲ್ಲಿ ಹೋಗಲಿ ಎಂದು ಯಾರೋ ಡಿಫಾಲ್ಟ್ ರೂಟ್ ಬದಲಿಸುತ್ತಾರೆ. ಎನ್‌ಕೋಡರ್‌ಗೆ ಹೋಗುವ ಸಾಮಾನ್ಯ ದಾರಿ ಈಗ ಎರಡನೆಯ ಫೈಬರ್. ವಿಡಿಯೋ ಬರುತ್ತಿರುವುದು ಮೊದಲನೆಯದರಲ್ಲಿ. ಪ್ಯಾಕೆಟ್ ಬಾಗಿಲಿಗೆ ಬಂದು ನಿಂತಿದ್ದರೂ ರೂಟರ್ ಒಳಗೆ ಬಿಡುವುದಿಲ್ಲ. ಎನ್‌ಕೋಡರ್‌ಗಳಿರುವ ಸಬ್‌ನೆಟ್‌ಗೆ ಮೊದಲ ಫೈಬರ್ ಕಡೆಗೆ ಖಚಿತವಾದ ರೂಟ್ ಹಾಕಿದರೆ, ಅಥವಾ ತಪಾಸಣೆಗೆಂದೇ ಇರುವ ಸ್ಥಿರ ಮಲ್ಟಿಕಾಸ್ಟ್ ರೂಟ್ ಹಾಕಿದರೆ ಸರಿಹೋಗುತ್ತದೆ.

ರೂಟರುಗಳ ನಡುವೆ ಗುಂಪಿನ ಸುದ್ದಿ ದಾಟಿಸುವುದು ಪಿಮ್. ಇದರ ಸ್ಪಾರ್ಸ್ ಮೋಡ್ ಎಂಬ ಬಗೆ ಕೇಬಲ್ ಜಾಲಗಳಿಗೆ ತಕ್ಕದ್ದು. ಯಾರೂ ಕೇಳದಿದ್ದರೆ ಏನನ್ನೂ ಕಳಿಸದಿರುವುದು ಅದರ ಸ್ವಭಾವ. 2016ರ ಆರ್‌ಎಫ್‌ಸಿ 7761 ಅದರ ಈಗಿನ ರೂಪ. ಮೂಲ ಯಾವುದೆಂದು ಗೊತ್ತಿಲ್ಲದೆ ಗುಂಪನ್ನು ಮಾತ್ರ ಕೇಳಿದಾಗ, ಕೇಳುವವರೂ ಕೊಡುವವರೂ ಭೇಟಿಯಾಗಲು ಒಂದು ಕಟ್ಟೆ ಬೇಕು. ಆ ಕಟ್ಟೆಯಾದ ರೂಟರ್‌ಗೆ ಆರ್‌ಪಿ ಎಂದು ಹೆಸರು. ಎನ್‌ಕೋಡರ್ ಬಳಿಯ ರೂಟರ್ ತನ್ನಲ್ಲಿ ಇಂಥ ಗುಂಪು ಹರಿಯುತ್ತಿದೆ ಎಂದು ಆರ್‌ಪಿಗೆ ನೋಂದಾಯಿಸುತ್ತದೆ. ಬಾಕ್ಸ್ ಬಳಿಯ ರೂಟರ್ ಸೇರುವ ಕೋರಿಕೆಯನ್ನು ಆರ್‌ಪಿಯತ್ತ ಕಳಿಸುತ್ತದೆ. ಮೊದಲ ಪ್ಯಾಕೆಟ್ಟುಗಳು ಹಾಗೆ ಬಳಸಿಕೊಂಡು ಬಂದ ಮೇಲೆ, ಮೂಲ ಯಾರೆಂದು ತಿಳಿದು, ರೂಟರ್ ನೇರ ದಾರಿಗೆ ಬದಲಾಗುತ್ತದೆ. ಈ ಕೋರಿಕೆಗಳನ್ನು 60 ಸೆಕೆಂಡಿಗೊಮ್ಮೆ ನವೀಕರಿಸುತ್ತಲೇ ಇರಬೇಕು.

ಹೆಡ್‌ಎಂಡ್‌ನಲ್ಲಿ ಪ್ರತಿ ಚಾನೆಲ್ಲಿನ ಮೂಲ ಮೊದಲೇ ಗೊತ್ತಿರುತ್ತದೆ, ಎನ್‌ಕೋಡರ್ ವಿಳಾಸ ಪಟ್ಟಿಯಲ್ಲೇ ಇದೆ. ಗೊತ್ತಿರುವವರನ್ನು ಹುಡುಕಲು ಕಟ್ಟೆ ಯಾಕೆ ಬೇಕು? ಇದೇ ಎಸ್‌ಎಸ್‌ಎಂ ಪರವಾದ ಬಲವಾದ ವಾದ. ಆರ್‌ಪಿ ಬೇಡ, ನೋಂದಣಿ ಬೇಡ, ಕೆಡುವ ಭಾಗಗಳೇ ಕಡಿಮೆ. ಇನ್ನೊಂದು ದೊಡ್ಡ ಲಾಭವೂ ಇದೆ. ಗುಂಪನ್ನಷ್ಟೇ ಕೇಳುವ ಹಳೆಯ ಕ್ರಮದಲ್ಲಿ ಯಾರು ಬೇಕಾದರೂ ಗುಂಪಿನ ವಿಳಾಸಕ್ಕೆ ಪ್ಯಾಕೆಟ್ ಕಳಿಸಬಹುದು. ಬದಲಿ ಎನ್‌ಕೋಡರನ್ನು ಪರೀಕ್ಷಿಸಲು ಹೋಗಿ ಅದೇ ಗುಂಪಿನ ವಿಳಾಸ ಕೊಟ್ಟುಬಿಟ್ಟರೆ ಎರಡೂ ಧಾರೆಗಳು ಬೆರೆತು ಊರೆಲ್ಲ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಮೂಲವನ್ನೂ ಹೆಸರಿಸಿ ಕೇಳಿದಾಗ ಎರಡನೆಯ ಧಾರೆ ಒಳಗೆ ಬರುವುದೇ ಇಲ್ಲ. ಬೇರೆ ಬೇರೆ ಆಡಳಿತದ ಜಾಲಗಳ ನಡುವೆ ಹಳೆಯ ಕ್ರಮವನ್ನು ಕೈಬಿಟ್ಟು ಎಸ್‌ಎಸ್‌ಎಂ ಬಳಸಬೇಕೆಂದು 2020ರ ಆರ್‌ಎಫ್‌ಸಿ 8815 ಸ್ಪಷ್ಟವಾಗಿ ಹೇಳಿದೆ. ಹೊಸದಾಗಿ ಕಟ್ಟುವ ಕೇಬಲ್ ಜಾಲ ಒಳಗೂ ಅದನ್ನೇ ಆರಿಸಿಕೊಳ್ಳುವುದು ಜಾಣತನ. ಹಾಗೆ ಆರಿಸಿದರೆ ಮೇಲೆ ಹೇಳಿದ ಪಟ್ಟಿಯ ಕ್ರಮವನ್ನು 232.192ರಿಂದ 232.195ಕ್ಕೆ ಹಾಗೇ ವರ್ಗಾಯಿಸಬಹುದು. ಎರಡೂ ಸರಣಿಗಳನ್ನು ಒಟ್ಟಿಗೆ ಬಳಸುವುದಾದರೆ ಕೊನೆಯ ಮೂರು ಅಂಕಿಗಳು ಎರಡರಲ್ಲೂ ಒಂದೇ ಆಗದಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಮ್ಯಾಕ್ ಡಿಕ್ಕಿ ಮರಳಿ ಬರುತ್ತದೆ.

ಐಪಿ ಆರನೆಯ ಆವೃತ್ತಿಯಲ್ಲಿ ಗುಂಪಿನ ವಿಳಾಸಗಳು ಎಫ್‌ಎಫ್ ಎಂದು ಶುರುವಾಗುತ್ತವೆ, ಐಜಿಎಂಪಿ ಜಾಗದಲ್ಲಿ ಎಂಎಲ್‌ಡಿ ಇರುತ್ತದೆ, ಮ್ಯಾಕ್ 33-33ರಿಂದ ತೊಡಗಿ ಕೊನೆಯ 32 ಬಿಟ್‌ಗಳನ್ನು ಹೊರುತ್ತದೆ. ಉಳಿದ ತರ್ಕವೆಲ್ಲ ಇದೇ.

ಕೋಆಕ್ಸ್ ಕಡೆ: ಎಡ್ಜ್ ಕ್ವಾಮ್ ಮತ್ತು ಸಿಎಂಟಿಎಸ್

ಐಪಿ ಧಾರೆ ಕೊನೆಗೆ ಕೋಆಕ್ಸ್ ಕೇಬಲ್ಲಿಗೆ ಇಳಿಯಲು ಎರಡು ದಾರಿಗಳಿವೆ. ಸಾಮಾನ್ಯ ಸೆಟ್‌ಟಾಪ್ ಬಾಕ್ಸ್‌ಗಳಿಗೆ ಎಡ್ಜ್ ಕ್ವಾಮ್ ಎಂಬ ಪೆಟ್ಟಿಗೆ ಬೇಕಾದ ಗುಂಪುಗಳಿಗೆ ಸೇರಿ, ಹಲವು ಚಾನೆಲ್‌ಗಳನ್ನು ಒಟ್ಟುಗೂಡಿಸಿ ಒಂದು ಆರ್‌ಎಫ್ ವಾಹಕದ ಮೇಲೆ ಏರಿಸುತ್ತದೆ. ಡಿವಿಬಿ-ಸಿ ಪದ್ಧತಿಯ 8 ಮೆಗಾಹರ್ಟ್ಸ್ ವಾಹಕದಲ್ಲಿ, ಸೆಕೆಂಡಿಗೆ 6875 ಕಿಲೋಸಿಂಬಲ್ ದರದಲ್ಲಿ, 64 ಕ್ವಾಮ್ ಆದರೆ ಸುಮಾರು 38 ಮೆಗಾಬಿಟ್, 256 ಕ್ವಾಮ್ ಆದರೆ ಸುಮಾರು 50.7 ಮೆಗಾಬಿಟ್ ಹಿಡಿಸುತ್ತದೆ. ವಿಳಾಸ ಪಟ್ಟಿಯ ಬಿಟ್‌ರೇಟ್ ಅಂಕಣ ಇಲ್ಲಿ ಕೆಲಸಕ್ಕೆ ಬರುತ್ತದೆ: ಒಂದು ವಾಹಕಕ್ಕೆ ಸೇರಿಸಿದ ಗುಂಪುಗಳ ಮೊತ್ತ ಈ ಮಿತಿ ದಾಟಿದರೆ ಆ ವಾಹಕದ ಎಲ್ಲ ಚಾನೆಲ್‌ಗಳೂ ಒಟ್ಟಿಗೆ ಕೆಡುತ್ತವೆ.

ಎರಡನೆಯ ದಾರಿ ಡಾಕ್ಸಿಸ್ ಪದ್ಧತಿಯದು. ಇದರಲ್ಲಿ ಹೆಡ್‌ಎಂಡ್ ಬದಿಯ ಸಿಎಂಟಿಎಸ್ ಮನೆಯ ಕೇಬಲ್ ಮೋಡೆಮ್‌ಗಳೊಂದಿಗೆ ಮಾತಾಡುತ್ತದೆ. ಕೋಆಕ್ಸ್ ಹಂಚಿಕೆಯ ಮಾಧ್ಯಮ. ಕೆಳಮುಖವಾಗಿ ಹರಿದದ್ದು ಆ ಭಾಗದ ಎಲ್ಲ ಮೋಡೆಮ್‌ಗಳ ಕಿವಿಗೂ ಬೀಳುತ್ತದೆ, ತನಗೆ ಬೇಕಾದ್ದನ್ನಷ್ಟೇ ಮೋಡೆಮ್ ಮನೆಯೊಳಕ್ಕೆ ಬಿಡಬೇಕು. ಡಾಕ್ಸಿಸ್ 1.1 ಮತ್ತು 2.0ರಲ್ಲಿ ಮೋಡೆಮ್ ತಾನೇ ಐಜಿಎಂಪಿಗೆ ಕಿವಿಗೊಟ್ಟು ಇದನ್ನು ನಿರ್ಧರಿಸುತ್ತಿತ್ತು. 2006ರಲ್ಲಿ ಬಂದ ಡಾಕ್ಸಿಸ್ 3.0 ಆ ಹೊಣೆಯನ್ನು ಸಿಎಂಟಿಎಸ್‌ಗೆ ವಹಿಸಿತು. ಮನೆಯ ಬಾಕ್ಸ್ ಕಳಿಸಿದ ಸೇರುವ ಕೋರಿಕೆಯನ್ನು ಮೋಡೆಮ್ ಬದಲಿಸದೆ ಮೇಲೆ ಕಳಿಸುತ್ತದೆ. ಸಿಎಂಟಿಎಸ್ ಆ ಗುಂಪಿನ ಧಾರೆಗೆ ಡಿಎಸ್‌ಐಡಿ ಎಂಬ 20 ಬಿಟ್ಟಿನ ಚೀಟಿ ಅಂಟಿಸಿ, ಈ ಚೀಟಿಯದ್ದನ್ನು ಒಳಗೆ ಬಿಡು ಎಂದು ಮೋಡೆಮ್‌ಗೆ ತಿಳಿಸುತ್ತದೆ. ಚೀಟಿ ಗೊತ್ತಿಲ್ಲದ ಮೋಡೆಮ್ ಪ್ಯಾಕೆಟನ್ನು ಎಸೆಯುತ್ತದೆ.

ಇಲ್ಲಿ ಗಮನಿಸಬೇಕಾದ್ದು ನಕಲಿನ ಖರ್ಚು. ಒಂದೇ ಗುಂಪನ್ನು ಕೇಳಿದ ಮೋಡೆಮ್‌ಗಳು ಬೇರೆ ಬೇರೆ ಬಾಂಡಿಂಗ್ ಗುಂಪುಗಳಲ್ಲಿದ್ದರೆ, ಅಂದರೆ ಒಟ್ಟಿಗೆ ಕಟ್ಟಿದ ಬೇರೆ ಬೇರೆ ವಾಹಕಗಳ ಕಂತೆಗಳಲ್ಲಿದ್ದರೆ, ಸಿಎಂಟಿಎಸ್ ಅದೇ ಚಾನೆಲ್ಲನ್ನು ಆರ್‌ಎಫ್ ಮೇಲೆ ಎರಡು ಮೂರು ಸಲ ಕಳಿಸಬೇಕಾಗಿ ಬರಬಹುದು, ಮಲ್ಟಿಕಾಸ್ಟ್‌ನಿಂದ ಉಳಿಸಿದ್ದು ಅಲ್ಲೇ ಕರಗುತ್ತದೆ. ವಿಡಿಯೋಗೆಂದು ಎಲ್ಲ ಮೋಡೆಮ್‌ಗಳಿಗೂ ನಿಲುಕುವ ಒಂದು ಬಾಂಡಿಂಗ್ ಗುಂಪನ್ನು ಮೀಸಲಿಡುವುದು ಒಳ್ಳೆಯದು. ಜನ ಹೆಚ್ಚು ನೋಡುವ ಹತ್ತಿಪ್ಪತ್ತು ಚಾನೆಲ್‌ಗಳನ್ನು ಸಿಎಂಟಿಎಸ್‌ನಲ್ಲಿ ಸ್ಥಿರವಾಗಿ ಸೇರಿಸಿಟ್ಟರೆ ರಿಮೋಟ್ ಒತ್ತಿದಾಗ ಕಾಯುವ ಹೊತ್ತೂ ತಗ್ಗುತ್ತದೆ.

ದೋಷ ಹುಡುಕುವಾಗ

ಚಾನೆಲ್ಲಿನ ಎಂಪೆಗ್ ಧಾರೆ 188 ಬೈಟಿನ ತುಣುಕುಗಳಲ್ಲಿ ಇರುತ್ತದೆ. ಒಂದು ಯುಡಿಪಿ ಪ್ಯಾಕೆಟ್ಟಿಗೆ ಏಳು ತುಣುಕು, ಒಟ್ಟು 1316 ಬೈಟ್. ಎಂಟು ಹಾಕಿದರೆ 1504 ಆಗಿ ಈಥರ್ನೆಟ್‌ನ 1500ರ ಮಿತಿ ಮೀರುತ್ತದೆ. 4 ಮೆಗಾಬಿಟ್ಟಿನ ಚಾನೆಲ್ ಎಂದರೆ ಸೆಕೆಂಡಿಗೆ ಸುಮಾರು 380 ಪ್ಯಾಕೆಟ್ ಎಂದು ಇದರಿಂದ ಲೆಕ್ಕ ಸಿಗುತ್ತದೆ. ಯುಡಿಪಿಯಲ್ಲಿ ಕಳೆದದ್ದನ್ನು ಮತ್ತೆ ಕೇಳುವ ವ್ಯವಸ್ಥೆಯಿಲ್ಲ, ಒಂದು ಪ್ಯಾಕೆಟ್ ಹೋದರೆ ಏಳು ತುಣುಕು ಹೋದಂತೆ.

ಹಾಗಾಗಿ ದೋಷ ಹುಡುಕುವವರು ಚಿತ್ರ ನೋಡುವುದನ್ನು ಬಿಟ್ಟು ಎಣಿಕೆ ನೋಡಬೇಕು. ಎನ್‌ಕೋಡರ್ ಹೊರಡಿಸುತ್ತಿರುವ ಪ್ಯಾಕೆಟ್ ಎಷ್ಟು? ಮೊದಲ ರೂಟರ್‌ನ ಮಲ್ಟಿಕಾಸ್ಟ್ ಪಟ್ಟಿಯಲ್ಲಿ ಆ ಮೂಲ, ಆ ಗುಂಪು ಇದೆಯೇ, ಎಣಿಕೆ ಏರುತ್ತಿದೆಯೇ? ಇಲ್ಲದಿದ್ದರೆ ಟಿಟಿಎಲ್ ಅಥವಾ ವಿಎಲ್‌ಎಎನ್ ನೋಡಿ. ಮುಂದಿನ ರೂಟರ್‌ನಲ್ಲಿ ಹೆಸರಿದ್ದೂ ಎಣಿಕೆ ಸೊನ್ನೆಯಾಗಿದ್ದರೆ ಆರ್‌ಪಿಎಫ್ ನೋಡಿ. ಊರಿನ ಸ್ವಿಚ್ಚಿನ ಸ್ನೂಪಿಂಗ್ ಪಟ್ಟಿಯಲ್ಲಿ ಎಡ್ಜ್ ಕ್ವಾಮ್‌ನ ಪೋರ್ಟ್ ಇಲ್ಲದಿದ್ದರೆ ಕ್ವೆರಿಯರ್ ನೋಡಿ. ಎಣಿಕೆ 380ರ ಬದಲು 760 ತೋರಿಸಿದರೆ ಅದೇ ಗುಂಪಿಗೆ ಇನ್ನೊಂದು ಎನ್‌ಕೋಡರ್ ಕಳಿಸುತ್ತಿದೆ. ಈ ನಾಲ್ಕೂ ಕಡೆ 380 ಸರಿಯಾಗಿ ಬಂದೂ ಮನೆಯಲ್ಲಿ ಚಿತ್ರ ಒಡೆಯುತ್ತಿದ್ದರೆ ತೊಂದರೆ ಐಪಿ ಜಾಲದಲ್ಲಿಲ್ಲ. ಆಗ ಮೀಟರ್ ಹಿಡಿದು ಕೋಆಕ್ಸ್ ಕಡೆಯ ಸಿಗ್ನಲ್ ಮಟ್ಟ ಮತ್ತು ಸಿಗ್ನಲ್ ಎಷ್ಟು ಶುದ್ಧವೆಂದು ತಿಳಿಸುವ ಎಂಇಆರ್ ಅಳೆದು, ಕನೆಕ್ಟರುಗಳನ್ನು ಪರೀಕ್ಷಿಸಬೇಕು.